ಹಿಂದಿನ ಸಾಲಿನ ಹಿರಿಯರು

ರಾಯಪುರಂನಲ್ಲಿ ಐಸ್ ಎಂದರೆ ಕಾಸಿಮೇಡು ಬಂದರಿನಲ್ಲಿ ಮೀನಿನ ಮೇಲೆ ಸುರಿಯುವ ಮಂಜುಗಡ್ಡೆ. ಅದರ ಮೇಲೆ ಹಾಕಿ ಆಡುತ್ತಾರೆ ಎಂದರೆ ಇಲ್ಲಿಯವರು ನಕ್ಕಾರು. ಆದರೆ ಕೆನಡಾದಲ್ಲಿ ಎಲ್ಲಕ್ಕಿಂತ ದೊಡ್ಡ ಆಟ ಅದೇ. ಆ ಆಟದ ಒಂದು ವಿಶೇಷವೆಂದರೆ ಡಿಫೆನ್ಸ್‌ನಲ್ಲಿ ಆಡುವ ಕೆಲವರು ವಯಸ್ಸನ್ನೇ ಮರೆತಂತೆ ಆಡುತ್ತಾರೆ. ಝ್ದೆನೊ ಚಾರಾ 2022ರಲ್ಲಿ ನಿವೃತ್ತರಾದಾಗ 45 ವರ್ಷ. ಎನ್‌ಎಚ್‌ಎಲ್ ಲೀಗ್‌ನಲ್ಲಿ ಆಡಿದ ಪಂದ್ಯಗಳು 1,680. ಕ್ರಿಸ್ ಚೆಲಿಯೋಸ್ 48ರವರೆಗೂ ಆಡಿದರು. ರೇ ಬೋರ್ಕ್ ಬೋಸ್ಟನ್ ತಂಡದಲ್ಲಿ ಎರಡು ದಶಕ ದುಡಿದರೂ ಸ್ಟ್ಯಾನ್ಲಿ ಕಪ್ ಕೈಗೆ ಸಿಗಲಿಲ್ಲ. ಕೊಲರಾಡೊ ತಂಡಕ್ಕೆ ಹೋಗಿ, 2001ರಲ್ಲಿ, 40ನೇ ವಯಸ್ಸಿನಲ್ಲಿ ಗೆದ್ದರು. ವಾಡಿಕೆಯಂತೆ ಮೊದಲು ಕಪ್ ಎತ್ತಬೇಕಿದ್ದ ನಾಯಕ ಜೋ ಸಾಕಿಕ್, ತಾನು ಎತ್ತದೆ ಅದನ್ನು ಬೋರ್ಕ್ ಕೈಗೆ ಕೊಟ್ಟರು. ಬೋರ್ಕ್ ಅವರಿಗೆ ಅದೇ ಕೊನೆಯ ಪಂದ್ಯ.

ಹಿಂದಿನ ಸಾಲಿನವರು ಇಷ್ಟು ಕಾಲ ಹೇಗೆ ಬಾಳುತ್ತಾರೆ? ಮುಂದೆ ಆಡುವವನಿಗೆ ಕಾಲಿನ ವೇಗವೇ ಬಂಡವಾಳ. ಹಿಂದೆ ನಿಂತವನಿಗೆ ಅಂದಾಜು ಬೇಕು: ಎದುರಾಳಿ ಯಾವ ಕಡೆ ತಿರುಗುತ್ತಾನೆ, ಯಾವಾಗ ನುಗ್ಗಬೇಕು, ಯಾವಾಗ ಸುಮ್ಮನೆ ದಾರಿ ಕಟ್ಟಿ ನಿಂತರೆ ಸಾಕು. ಇದು ವರ್ಷ ಕಳೆದಂತೆ ಬರುವ ವಿದ್ಯೆ. ಅದೂ ಅಲ್ಲದೆ ಐಸ್ ಹಾಕಿಯಲ್ಲಿ ಒಬ್ಬ ಒಂದು ನಿಮಿಷದೊಳಗೆ ಆಡಿ ಬೆಂಚಿಗೆ ಬರುತ್ತಾನೆ, ಉಸಿರು ತೆಗೆದುಕೊಂಡು ಮತ್ತೆ ಇಳಿಯುತ್ತಾನೆ.

ನಮ್ಮ ಹಾಕಿಯಲ್ಲಿ ಇದೇ ವಿದ್ಯೆಗೆ ಇಷ್ಟು ಆಯಸ್ಸಿಲ್ಲ. ಒಡಿಶಾದ ದಿಲೀಪ್ ತಿರ್ಕಿ ಭಾರತದ ಗೋಡೆ ಎನಿಸಿಕೊಂಡವರು. 1996, 2000 ಮತ್ತು 2004ರ ಒಲಿಂಪಿಕ್ಸ್ ಆಡಿದರು. 412 ಅಂತಾರಾಷ್ಟ್ರೀಯ ಪಂದ್ಯಗಳ ನಂತರ 2010ರಲ್ಲಿ ವಿದಾಯ ಹೇಳಿದಾಗ ಅವರಿಗೆ 32. ಚಾರಾ ಲೆಕ್ಕದಲ್ಲಿ ಅದು ನಡುವಯಸ್ಸೂ ಅಲ್ಲ.

ಇನ್ನೂ ಹತ್ತಿರದ ಕಥೆ ನಮ್ಮ ಕೊಡಗಿನ ವಿ. ಆರ್. ರಘುನಾಥ್ ಅವರದು. ಫುಲ್‌ಬ್ಯಾಕ್, ಜೊತೆಗೆ ಡ್ರ್ಯಾಗ್ ಫ್ಲಿಕ್ ಪರಿಣತ. 200ಕ್ಕೂ ಹೆಚ್ಚು ಪಂದ್ಯ, 2012ರ ಲಂಡನ್ ಒಲಿಂಪಿಕ್ಸ್, 2014ರ ಇಂಚೆಯಾನ್ ಏಷ್ಯನ್ ಗೇಮ್ಸ್ ಚಿನ್ನ, 2016ರಲ್ಲಿ ಅರ್ಜುನ ಪ್ರಶಸ್ತಿ. ಲಂಡನ್‌ನಲ್ಲಿ ಭಾರತ ಎಲ್ಲ ಪಂದ್ಯ ಸೋತು ಕೊನೆಯ ಸ್ಥಾನಕ್ಕೆ ಬಿದ್ದದ್ದನ್ನೂ, ಎರಡೇ ವರ್ಷದಲ್ಲಿ ಫೈನಲ್‌ನಲ್ಲಿ ಪಾಕಿಸ್ತಾನವನ್ನು ಮಣಿಸಿದ್ದನ್ನೂ ಅವರು ಅಂಗಳದ ಒಳಗಿನಿಂದಲೇ ಕಂಡವರು.

2016ರ ರಿಯೋ ಒಲಿಂಪಿಕ್ಸ್ ತಂಡದಲ್ಲಿ ಮೂವರು ಡ್ರ್ಯಾಗ್ ಫ್ಲಿಕರ್‌ಗಳಿದ್ದರು: 27ರ ರಘುನಾಥ್, 25ರ ರೂಪಿಂದರ್ ಪಾಲ್ ಸಿಂಗ್, 20ರ ಹರ್ಮನ್‌ಪ್ರೀತ್ ಸಿಂಗ್. ಮೊದಲ ಪಂದ್ಯದಲ್ಲಿ ಐರ್ಲೆಂಡ್ ವಿರುದ್ಧ ಭಾರತ 3-2ರಿಂದ ಗೆದ್ದಾಗ ರಘುನಾಥ್ ಒಂದು, ರೂಪಿಂದರ್ ಎರಡು ಗೋಲು ಹೊಡೆದರು. ಕ್ವಾರ್ಟರ್ ಫೈನಲ್‌ನಲ್ಲಿ ಬೆಲ್ಜಿಯಂ ಎದುರು ಓಟ ನಿಂತಿತು. ಅದಾದ ಮೇಲೆ ರಘುನಾಥ್ ಹೆಸರು ಹೆಚ್ಚು ದಿನ ಭಾರತ ತಂಡದ ಪಟ್ಟಿಯಲ್ಲಿ ಉಳಿಯಲಿಲ್ಲ. ರೂಪಿಂದರ್ 2021ರಲ್ಲಿ ಟೋಕಿಯೊ ಕಂಚು ಗೆದ್ದು, 30ರಲ್ಲೇ ನಿವೃತ್ತರಾದರು. ಹರ್ಮನ್‌ಪ್ರೀತ್ ನಾಯಕರಾಗಿ 2024ರ ಪ್ಯಾರಿಸ್‌ನಲ್ಲಿ 10 ಗೋಲು ಹೊಡೆದು ಮತ್ತೊಂದು ಕಂಚು ತಂದರು.

ಹಾಗಾದರೆ ಹಿರಿಯನನ್ನು ಬಿಟ್ಟದ್ದು ಸರಿಯೇ ಆಯಿತಲ್ಲ ಎನ್ನಬಹುದು. ಲೆಕ್ಕ ಅಷ್ಟು ಸುಲಭವಲ್ಲ. ಐಸ್ ಹಾಕಿಯಲ್ಲಿ ಒಂದು ಪಂದ್ಯಕ್ಕೆ ಸಾಮಾನ್ಯವಾಗಿ ಆರು ಮಂದಿ ಡಿಫೆನ್ಸ್ ಆಟಗಾರರೇ ಸಿದ್ಧರಿರುತ್ತಾರೆ. ರಿಯೋದಲ್ಲಿ ನಮ್ಮ ಹಾಕಿ ತಂಡದ ಒಟ್ಟು ಬಲವೇ 16. ಅಂಗಳ 91.4 ಮೀಟರ್ ಉದ್ದ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲ್‌ಕೀಪರ್ ಜೊತೆ ನಾಲ್ವರು ಮಾತ್ರ ನಿಂತು, ಗಂಟೆಗೆ 100 ಕಿಲೋಮೀಟರ್ ಮೀರಿ ಬರುವ ಚೆಂಡಿಗೆ ಎದುರಾಗಿ ಓಡಬೇಕು. ಒಂದು ಕ್ಷಣ ತಡವಾದರೆ ಗೋಲು, ಇಲ್ಲವೇ ಮೊಣಕಾಲಿಗೆ ಪೆಟ್ಟು. ಇಲ್ಲಿ ಅನುಭವ ಬೇಕು, ಆದರೆ ಅನುಭವ ಒಂದೇ ಸಾಲದು.

ಹಾಗಾಗಿ ನಮ್ಮಲ್ಲಿ ಹಿರಿಯ ಡಿಫೆಂಡರ್‌ನ ಆಟದ ಸಂಜೆ ಕಳೆಯುವುದು ಹೆಚ್ಚಾಗಿ ಇಲಾಖೆ, ಬ್ಯಾಂಕ್, ತೈಲ ಕಂಪನಿಗಳ ತಂಡಗಳಲ್ಲಿ. ರಾಯಪುರಂನಿಂದ ಆರೇಳು ಕಿಲೋಮೀಟರ್ ದೂರದ ಎಗ್ಮೋರ್‌ನ ಮೇಯರ್ ರಾಧಾಕೃಷ್ಣನ್ ಕ್ರೀಡಾಂಗಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. 2007ರ ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನು 7-2ರಿಂದ ಸೋಲಿಸಿದ ಅಂಗಳವಿದು. 1901ರಲ್ಲಿ ಶುರುವಾದ ಎಂಸಿಸಿ ಮುರುಗಪ್ಪ ಗೋಲ್ಡ್ ಕಪ್ ಇಲ್ಲಿ ನಡೆಯುವಾಗ ಇಂಡಿಯಾ ಜರ್ಸಿ ಕಳಚಿದವರೂ ನೌಕರಿ ಕೊಟ್ಟ ಸಂಸ್ಥೆಗಾಗಿ ಆಡುತ್ತಾರೆ. ಪಕ್ಕದಲ್ಲೇ ಇಪ್ಪತ್ತರ ಹುಡುಗ. ಅವನಿಗೆ ಎಲ್ಲಿ ನಿಲ್ಲಬೇಕೆಂದು ಕೂಗಿ ಹೇಳುವ ಧ್ವನಿ ಈ ಹಿರಿಯರದೇ. ಯಾವ ಕೋಚಿಂಗ್ ಶಿಬಿರದಲ್ಲೂ ಈ ಪಾಠ ಅಷ್ಟು ಹತ್ತಿರದಿಂದ ಸಿಗದು.

ನಲವತ್ತು ದಾಟಿದೊಡನೆ ಆಫೀಸಿನಲ್ಲಿ ಹೊಸಬರ ವೇಗದೊಡನೆ ಹೋಲಿಕೆಗೆ ಒಳಗಾಗುವ ನಮಗೆ ಈ ಮಾತು ಬೇಗ ಅರ್ಥವಾದೀತು. ಜಾಗ ಬಿಡುವ ದಿನ ಎಲ್ಲರಿಗೂ ಬರುತ್ತದೆ. ಬಿಡುವ ಮೊದಲು ಗೊತ್ತಿದ್ದುದನ್ನು ಪಕ್ಕದವನಿಗೆ ದಾಟಿಸಲು ಸಮಯ ಸಿಕ್ಕಿತೇ ಎಂಬುದು ಮುಖ್ಯ. ಮುಂದಿನ ಸಲ ಹಾಕಿ ನೋಡುವಾಗ ಚೆಂಡಿನ ಹಿಂದೆಯೇ ಕಣ್ಣು ಓಡಿಸಬೇಡಿ. ಎರಡು ನಿಮಿಷ ಹಿಂದಿನ ಸಾಲನ್ನು ನೋಡಿ. ಕಡಿಮೆ ಓಡಿ ಹೆಚ್ಚು ಕೆಲಸ ಮಾಡುವವರು ಅಲ್ಲಿದ್ದಾರೆ.