ಲಗ್ಗೆರೆಯ ರಾಗಿ, ಸ್ಪಿತಿಯ ಹಿಮ

ಹಳೇ ಖಾಕಿ ಪ್ಯಾಂಟಿನ ಒಂದು ಕಾಲು. ಎರಡೂ ತುದಿ ಹೊಲಿದು ಒಳಗೆ ಎರಡು ಕಿಲೋ ರಾಗಿ ತುಂಬಿದ್ದಾರೆ. ಲಗ್ಗೆರೆಯ ಆ ಎರಡನೇ ಮಹಡಿಯ ಮನೆಗೆ ನಾನು ಹೋಗಿದ್ದು ಹಿಮಾಲಯದ ಫೋಟೊ ನೋಡಲು. ಮೊದಲು ಕೈಗೆ ಕೊಟ್ಟಿದ್ದು ಇದನ್ನು. ‘ಹಿಡ್ಕೊಂಡು ನೋಡಿ ಸಾರ್, ಕೂಸು ಥರ ಕೂತ್ಕೊಳ್ಳತ್ತೆ’ ಅಂದರು. ನಿಜಕ್ಕೂ ಹಾಗೇ ಕೂತಿತು.

ಅವರ ಹೆಸರು ಬರೆಯಬಾರದೆಂಬ ಷರತ್ತಿನ ಮೇಲೆ ಈ ಲೇಖನ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಮೀರಿ ಲೇತ್ ಮುಂದೆ ನಿಂತ ಟರ್ನರ್, ಮುಂದಿನ ಮಾರ್ಚ್‌ಗೆ ನಿವೃತ್ತಿ. 2011ರಿಂದ ಈಚೆಗೆ ಒಂಬತ್ತು ಸಲ ಹಿಮಾಚಲದ ಸ್ಪಿತಿ ಕಣಿವೆಗೆ, ಅದರಲ್ಲೂ ಕಿಬ್ಬರ್ ಎಂಬ ಒಂದೇ ಊರಿಗೆ, ಹೋಗಿ ಬಂದಿದ್ದಾರೆ. ಲೇಹ್ ನೋಡಿಲ್ಲ, ಕೇದಾರ ನೋಡಿಲ್ಲ. ‘ಒಂದು ಊರೇ ಮುಗಿದಿಲ್ಲವಲ್ಲ’ ಅನ್ನುವುದು ಅವರ ಲೆಕ್ಕ. ಕೆಳಗಿನ ಶೆಡ್ಡಿನ ಗ್ರೈಂಡಿಂಗ್ ಸದ್ದು ಕಿಟಕಿಯಿಂದ ಬರುತ್ತಿತ್ತು. ಮಂಚದ ಕೆಳಗಿನ ಕಬ್ಬಿಣದ ಟ್ರಂಕಿನಲ್ಲಿ ಸ್ಲೈಡುಗಳು, ಪ್ರಿಂಟುಗಳು, ಎರಡು ಹಾರ್ಡ್ ಡಿಸ್ಕು.

ರಾಗಿಯ ವಿಷಯ ಮುಗಿಸಿಬಿಡುತ್ತೇನೆ. ಇಲ್ಲದಿದ್ದರೆ ಮುಂದಕ್ಕೆ ಹೋಗಲು ನನ್ನ ಮನಸ್ಸೇ ಬಿಡುವುದಿಲ್ಲ. ಕಾಡಿನಲ್ಲಿ ಜೀಪಿನ ಕಿಟಕಿ ಮೇಲೆ ಉದ್ದನೆಯ ಲೆನ್ಸ್ ಊರಲು ಫೋಟೊಗ್ರಾಫರ್‌ಗಳು ಬೀನ್ ಬ್ಯಾಗ್ ಇಡುವುದು ನಿಮಗೆ ಗೊತ್ತಿರುತ್ತದೆ. ಅದಕ್ಕೆ ಕೆಲವರು ಮರಳು ತುಂಬುತ್ತಾರೆ, ಕೆಲವರು ಅಕ್ಕಿ, ಕೆಲವರು ಕಡಲೆ. ಇವರು ಎಲ್ಲವನ್ನೂ ಪರೀಕ್ಷಿಸಿದ್ದಾರೆ. ಮರಳಿನ ಪುಡಿ ಲೆನ್ಸಿನ ರಿಂಗಿಗೆ ಇಳಿಯುತ್ತದೆ. ಅಕ್ಕಿ ಒತ್ತಿದರೆ ಕರಕರ ಅನ್ನುತ್ತದೆ, ನೂರು ಮೀಟರ್ ಆಚೆಯ ಭರಲ್ ಕುರಿ ತಲೆ ಎತ್ತುತ್ತದೆ. ಸಾಸಿವೆ ನಿಲ್ಲುವುದೇ ಇಲ್ಲ, ಜಾರುತ್ತದೆ. ರಾಗಿ ಮಾತ್ರ ಮೊದಲು ಹರಿದು, ಆಮೇಲೆ ಭಾರ ಬಿದ್ದಲ್ಲಿ ಗಟ್ಟಿಯಾಗಿ ಕೂರುತ್ತದಂತೆ. ಕಾಳನ್ನು ಮೈಕ್ರೋಮೀಟರಿನಲ್ಲಿ ಅಳೆದೂ ನೋಡಿದ್ದಾರೆ: ಒಂದೂವರೆ ಮಿಲಿಮೀಟರ್ ಆಸುಪಾಸು. ಯಾವ ತಳಿ ಅಂತ ಕೇಳಿದೆ. ಜಿಪಿಯು 28ಓ, ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಮದುವೆ ಮಾಡಿಸಿ ಬೆಳೆಸಿದ ಇಂಡಾಫ್ ಸಾಲಿನದೋ? ‘ಮಾಗಡಿ ಕಡೆ ನೆಂಟರು ಕೊಟ್ಟಿದ್ದು’ ಅಂದರು. ಅಷ್ಟಕ್ಕೆ ತೃಪ್ತಿಯಾಗಬೇಕಾಯಿತು. ಆಫ್ರಿಕಾದ ಎತ್ತರದ ನಾಡಿನಲ್ಲಿ ಹುಟ್ಟಿ, ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು, ನಮ್ಮ ಮುದ್ದೆಯಾದ ಕಾಳು ಈಗ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ಲೆನ್ಸಿನ ಕೆಳಗೆ ಕೂತಿದೆ. ಉತ್ತರಾಖಂಡದ ಬೆಟ್ಟದವರು ಇದನ್ನೇ ಮಂಡುವಾ ಎಂದು ಬೆಳೆಯುತ್ತಾರೆ. ಸ್ಪಿತಿಯಲ್ಲಿ ಬೆಳೆಯುವುದು ಬಾರ್ಲಿ ಮತ್ತು ಬಟಾಣಿ. ಹಾಗಾಗಿ ವಾಪಸು ಹೊರಡುವ ಹಿಂದಿನ ದಿನ ಚೀಲ ಬಿಚ್ಚಿ, ಹುರಿದು ಬೀಸಿ, ಉಳಿದುಕೊಂಡ ಮನೆಯವರಿಗೆ ಗಂಜಿ ಮಾಡಿಕೊಡುತ್ತಾರೆ. ಅವರಿಗೆ ಇಷ್ಟವಾಯಿತೇ? ‘ಬಾಯಲ್ಲಿ ಇಷ್ಟ ಅಂದ್ರು. ಬಟ್ಟಲಲ್ಲಿ ಉಳಿಸಿದ್ರು.’

ಇನ್ನು ಫೋಟೊಗಳು. ನಾನು ನಿರೀಕ್ಷಿಸಿದ್ದು ಶಿಖರ, ಸೂರ್ಯೋದಯ, ಆಕಾಶಗಂಗೆ. ಟ್ರಂಕಿನಿಂದ ಮೊದಲು ಹೊರಬಂದಿದ್ದು ಒಂದೇ ಚಿತ್ರ ಅನ್ನಿಸುವಂಥ ಏಳು ಪ್ರಿಂಟು. ಒಂದು ಮನೆಯ ಮಾಳಿಗೆಯಿಂದ ಕೆಳಗಿನ ಹದಿನಾಲ್ಕು ಮನೆಗಳ ಮಾಳಿಗೆ, ಅದರಾಚೆ ಹೊಲ, ಅದರಾಚೆ ಬೆಟ್ಟದ ತುಂಡು. ಫ್ರೇಮು ಒಂದು ಕೂದಲಿನಷ್ಟೂ ಸರಿದಿಲ್ಲ. ಹೇಗೆ ಸಾಧ್ಯ ಅಂದರೆ ನಕ್ಕರು. ಮೊದಲ ಸಲ ಹೋದಾಗಲೇ, ಮನೆಯವರನ್ನು ಕೇಳಿ, ಮಾಳಿಗೆಯ ಅಂಚಿನ ಚಪ್ಪಡಿ ಮೇಲೆ ಟ್ರೈಪಾಡಿನ ಮೂರು ಕಾಲಿಗೆ ಸೆಂಟರ್ ಪಂಚಿನಿಂದ ಮೂರು ಚುಕ್ಕೆ ಹೊಡೆದು ಬಂದಿದ್ದಾರೆ. ಕಾಲಿನ ಎತ್ತರಕ್ಕೆ ತಾವೇ ಕಡೆದ ಹಿತ್ತಾಳೆ ಕಾಲರ್, ಲೆನ್ಸಿನ ಫೋಕಸ್ಸಿಗೆ ಟೇಪು. ಲೇತಿನಲ್ಲಿ ನೂರು ಪೀಸು ಒಂದೇ ಅಳತೆಗೆ ಇಳಿಸಿದವರಿಗೆ ಇದೇನೂ ದೊಡ್ಡದಲ್ಲ ಅನ್ನುವ ಧಾಟಿ.

ಫೆಬ್ರುವರಿಯ ಪ್ರಿಂಟಿನಲ್ಲಿ ಎಲ್ಲ ಬಿಳಿ. ಮನೆಯಿಂದ ಮನೆಗೆ ಸಲಿಕೆಯಲ್ಲಿ ಕಡಿದ ಕಾಲುದಾರಿ ಮಾತ್ರ ಕಪ್ಪು ಗೆರೆ. ಜುಲೈನಲ್ಲಿ ಹೊಲವೆಲ್ಲ ಹಸಿರು ಬಟಾಣಿ. ಸಣ್ಣ ಕಾಲುವೆಗಳಲ್ಲಿ ಹಿಮ ಕರಗಿದ ನೀರು ಹೊಳೆಯುತ್ತದೆ. ಮಳೆನೆರಳಿನ ನಾಡು ಅದು. ಆ ನೀರಿಲ್ಲದಿದ್ದರೆ ಬಟಾಣಿ ಇಲ್ಲ, ಬಟಾಣಿ ಇಲ್ಲದಿದ್ದರೆ ಕೈಯಲ್ಲಿ ಕಾಸಿಲ್ಲ. ಅಕ್ಟೋಬರಿನಲ್ಲಿ ಕಟಾವು ಮುಗಿದು ಬೆಟ್ಟ ಬೆಲ್ಲದ ಬಣ್ಣ, ಮಾಳಿಗೆಗಳ ಅಂಚಿನಲ್ಲೆಲ್ಲ ಸೌದೆ, ಮುಳ್ಳುಕಂಟಿ, ಹುಲ್ಲಿನ ಹೊರೆ ಎದೆಮಟ್ಟ. ಚಿತ್ರಗಳನ್ನು ನೆಲದ ಮೇಲೆ ಸಾಲಾಗಿ ಹರಡಿ, ‘ಬೆಟ್ಟ ನೋಡಬೇಡಿ, ಸೌದೆ ನೋಡಿ’ ಅಂದರು. ನೋಡಿದೆ. ಅಕ್ಟೋಬರಿನ ಎದೆಮಟ್ಟದ ಒಟ್ಟು ಫೆಬ್ರುವರಿಯಲ್ಲಿ ಮೊಣಕಾಲಿಗೆ ಇಳಿದಿದೆ. ಚಳಿಗಾಲ ಎಷ್ಟು ಮುಗಿಯಿತು, ಎಷ್ಟು ಉಳಿದಿದೆ ಅನ್ನುವುದನ್ನು ಆ ಊರು ತಲೆಯ ಮೇಲೆ ಬರೆದುಕೊಂಡಿದೆ.

ಎಂಟು ದಿನದ ಪ್ಯಾಕೇಜಿನಲ್ಲಿ ಜೂನಿನಲ್ಲಿ ಹೋಗಿ ಬರುವ ನಮ್ಮ ಬೆಂಗಳೂರಿನವರ ಫೋಟೊಗಳಲ್ಲಿ ಈ ಸೌದೆ ಸಿಗುವುದಿಲ್ಲ. ನನ್ನ ಫೋಟೊಗಳಲ್ಲೂ ಸಿಕ್ಕಿಲ್ಲ. ನಾನೂ ಹೋದವನೇ, ‘ನಿರ್ಜನ’ ಅಂತ ಅಡಿಬರಹ ಹಾಕಿದವನೇ. ಆ ಫ್ರೇಮಿನ ಹೊರಗೆ ನನಗೆ ಚಹಾ ಕೊಟ್ಟ ಹೆಂಗಸು ನಿಂತಿದ್ದರು.

ಸ್ಪಿತಿಯನ್ನು ಕ್ಯಾಮೆರಾ ಕಂಡಿದ್ದು ಹೊಸದೇನಲ್ಲ. ಸ್ಯಾಮ್ಯುಯೆಲ್ ಬೋರ್ನ್ ಎಂಬ ಇಂಗ್ಲಿಷಿನವನು 1866ರಲ್ಲಿ ಈ ಕಡೆ ಹಾದು, ಸ್ಪಿತಿಗೂ ಕಿನ್ನೌರಿಗೂ ನಡುವಿನ ಮನಿರಂಗ್ ಕಣಿವೆದಾರಿಯಲ್ಲಿ, ಸುಮಾರು 18,600 ಅಡಿ ಎತ್ತರದಲ್ಲಿ, ಫೋಟೊ ತೆಗೆದ. ಗಾಜಿನ ಫಲಕಕ್ಕೆ ಅಲ್ಲೇ ಕೊಲೋಡಿಯನ್ ಬಳಿದು, ಒದ್ದೆಯಿದ್ದಾಗಲೇ ಚಿತ್ರ ಹಿಡಿದು, ಒಣಗುವುದರೊಳಗೆ ಕತ್ತಲ ಡೇರೆಯಲ್ಲಿ ತೊಳೆಯಬೇಕಾದ ಕಾಲ. ಗಾಜು, ಡೇರೆ, ರಾಸಾಯನಿಕ, ಬ್ರಾಂದಿ ಎಲ್ಲ ಹತ್ತಾರು ಕೂಲಿಗಳ ಬೆನ್ನ ಮೇಲೆ. ಕೂಲಿಗಳು ಓಡಿಹೋದರೆಂದು ಅವನು ಪುಟಗಟ್ಟಲೆ ಗೊಣಗಿದ್ದಾನೆ. ನನಗೆ ಓಡಿಹೋದವರ ಮೇಲೇ ಪ್ರೀತಿ.

ನಮ್ಮಲ್ಲಿ ಕ್ಯಾಮೆರಾ ಹಿಡಿದವರು ಹಿಮದ ಕಡೆ ತಿರುಗಿದ್ದು ತಡವಾಗಿ. ಬೆಂಗಳೂರಿನ ಓ.ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಹೀಗೆ ನಮ್ಮ ಪರಂಪರೆಯೆಲ್ಲ ಕಾಡಿನದು, ಹಕ್ಕಿಯದು, ಆನೆಯದು. ಅರ್ಧ ದಿನದ ಹಾದಿಯಲ್ಲಿ ಬಂಡೀಪುರ, ನಾಗರಹೊಳೆ, ರಂಗನತಿಟ್ಟು ಇರುವಾಗ ಎರಡು ರಾತ್ರಿ ರೈಲು ಹತ್ತುವವರು ಯಾರು? ನಮ್ಮವರೇ ಆದ ಸಂದೇಶ್ ಕಡೂರ್ ಅವರ ದಾರಿ ನೋಡಿ: ಪರಿಸರ ವಿಜ್ಞಾನಿ ಕಮಲ್ ಬಾವಾ ಜೊತೆ ಸಹ್ಯಾದ್ರಿಯ ಚಿತ್ರಪುಸ್ತಕ ಬಂದಿದ್ದು 2005ರಲ್ಲಿ, ಹಿಮಾಲಯದ್ದು 2013ರಲ್ಲಿ. ಘಟ್ಟ ಮೊದಲು, ಹಿಮ ಆಮೇಲೆ.

ನಮ್ಮ ಟರ್ನರ್‌ಗೆ ಈ ಪರಂಪರೆಯ ಪರಿವೆ ಇಲ್ಲ. ಅವರು ಕ್ಯಾಮೆರಾ ಕೊಂಡಿದ್ದೇ ಯಂತ್ರದ ಮೋಹಕ್ಕೆ: ಸೆಕೆಂಡ್ ಹ್ಯಾಂಡ್ ನಿಕಾನ್ ಎಫ್‌ಎಂ2. ಬ್ಯಾಟರಿ ಸತ್ತರೂ ಅದರ ಶಟರ್ ಸೆಕೆಂಡಿನ ನಾಲ್ಕು ಸಾವಿರದಲ್ಲೊಂದು ಭಾಗದವರೆಗೆ ಬರೀ ಸ್ಪ್ರಿಂಗು, ಗೇರಿನಲ್ಲೇ ಓಡುತ್ತದೆ. ಮೈನಸ್ ಇಪ್ಪತ್ತೈದರಲ್ಲಿ ಅದರ ಬೆಲೆ ಗೊತ್ತಾಯಿತಂತೆ. ಡಿಜಿಟಲ್ ಕ್ಯಾಮೆರಾದ ಬ್ಯಾಟರಿ ಅಲ್ಲಿ ಪೂರ್ತಿ ತುಂಬಿದ್ದರೂ ಹತ್ತು ನಿಮಿಷಕ್ಕೆ ಕೈ ಎತ್ತುತ್ತದೆ. ಬನಿಯನ್ ಒಳಗಿಟ್ಟು ಮೈಶಾಖ ಕೊಟ್ಟರೆ ಮತ್ತೆ ಉಸಿರಾಡುತ್ತದೆ. ಹಾಗಾಗಿ ಬನಿಯನ್ನಿಗೆ ಮನೆಯವರ ಕೈಲಿ ನಾಲ್ಕು ಜೇಬು ಹೊಲಿಸಿದ್ದಾರೆ. ‘ಜೇಬು ಹೊಲೀರಿ ಅಂದ್ರು, ಹೊಲ್ದೆ. ಯಾತಕ್ಕೆ ಅಂತ ಆಮೇಲೆ ಗೊತ್ತಾಯ್ತು’ ಎಂದು ಕಾಫಿ ತಂದ ಅವರು ಹೇಳಿದರು. ಫಿಲ್ಮಿನದು ಬೇರೆ ರಗಳೆ: ಚಳಿಗೆ ಪೆಡಸಾಗಿ ಮುರಿಯುತ್ತದೆ, ಬೇಗ ಸುತ್ತಿದರೆ ಒಣಗಾಳಿಯಲ್ಲಿ ಸ್ಟ್ಯಾಟಿಕ್ ಕಿಡಿ ಹಾರಿ ಚಿತ್ರದ ಮೇಲೆ ಪುಟ್ಟ ಮಿಂಚು ಮೂಡುತ್ತದೆ. ಅಂಥದ್ದೊಂದು ಸ್ಲೈಡನ್ನು ಎಸೆಯದೆ ಇಟ್ಟಿದ್ದಾರೆ. ಬರಿಗೈಯಲ್ಲಿ ಅಲ್ಯೂಮಿನಿಯಂ ಟ್ರೈಪಾಡ್ ಹಿಡಿದರೆ ಚರ್ಮ ಅಂಟಿಕೊಳ್ಳುತ್ತದೆ. ಅದಕ್ಕೆ ಕಾಲುಗಳಿಗೆಲ್ಲ ಹಳೇ ಪಂಚೆಯ ಪಟ್ಟಿ ಸುತ್ತಿದ್ದಾರೆ.

ದೊಡ್ಡ ಅಪಾಯ ಹೊರಗಲ್ಲ, ಒಳಗಂತೆ. ಬುಖಾರಿ ಒಲೆ ಉರಿಯುವ ಬೆಚ್ಚನೆಯ ಕೋಣೆಗೆ ಕ್ಯಾಮೆರಾವನ್ನು ಹಾಗೇ ತಂದರೆ, ಅಡುಗೆಮನೆಯ ಹಬೆಯೆಲ್ಲ ತಣ್ಣನೆಯ ಲೆನ್ಸಿನ ಒಳಹೊರಗೆ ನೀರಾಗಿ ಕೂರುತ್ತದೆ. ಹೊರಗೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಒಳಗೆ ತಂದು ಎರಡು ಗಂಟೆ ಮುಟ್ಟಬಾರದು. ಇನ್ನು ಬಿಳುಪಿನ ಲೆಕ್ಕ. ಕ್ಯಾಮೆರಾದ ಮೀಟರು ಕಂಡದ್ದನ್ನೆಲ್ಲ ನಡುಬೂದು ಬಣ್ಣಕ್ಕೆ ಇಳಿಸುವಂತೆ ಕಟ್ಟಿದ್ದು. ‘ಅದರ ಮಾತು ಕೇಳಿದರೆ ಹಿಮ ಹೋಗಿ ಸಿಮೆಂಟ್ ಆಗತ್ತೆ.’ ಒಂದೂವರೆ, ಎರಡು ಸ್ಟಾಪು ಜಾಸ್ತಿ ಬೆಳಕು ಕೊಟ್ಟರಷ್ಟೇ ಬಿಳಿ ಬಿಳಿಯಾಗುತ್ತದೆ.

ಹಿಮಚಿರತೆ ಎಲ್ಲಿ ಅಂತ ಕೊನೆಗೂ ಕೇಳಿಬಿಟ್ಟೆ. ಈಗ ಕಿಬ್ಬರ್ ಅಂದರೆ ಜನರಿಗೆ ಅದೇ. ಫೆಬ್ರುವರಿಯಲ್ಲಿ ಕಮರಿಯ ಅಂಚಿನಲ್ಲಿ, ದೇವರ ಉತ್ಸವಕ್ಕೆ ಕಾದವರ ಹಾಗೆ, ಫಿರಂಗಿಯಂಥ ಲೆನ್ಸುಗಳು ಸಾಲಾಗಿ ನಿಂತಿರುತ್ತವೆ. ಬಂಡೆಯ ಮೇಲೆ ಬಾಲ ಅಲ್ಲಾಡಿದರೆ ಮುನ್ನೂರು ಚಿತ್ರ, ಮುನ್ನೂರೂ ಒಂದೇ ಥರ. ನನಗೆ ಆ ಸಾಲಿನ ಬಗ್ಗೆ ಗೌರವ ಕಡಿಮೆ, ಹೇಳಿಬಿಡುತ್ತೇನೆ. ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ 1970ರ ಡಿಸೆಂಬರಿನಲ್ಲಿ ಪಾಕಿಸ್ತಾನದ ಚಿತ್ರಾಲಿನ ಬೆಟ್ಟದಲ್ಲಿ ಕಾಡಿನ ಹಿಮಚಿರತೆಯ ಮೊದಲ ಫೋಟೊ ತೆಗೆದಾಗ ಅದು ಸುದ್ದಿ. ಈಗ ಅದು ಬುಕಿಂಗ್. ಆದರೂ ಆ ಬುಕಿಂಗಿನಿಂದ ಊರಿನ ಹತ್ತಾರು ಮನೆಗಳಿಗೆ ಚಳಿಗಾಲದಲ್ಲೂ ಸಂಪಾದನೆ ಆಗುತ್ತಿದೆ. ಕುರಿ ಕಳೆದುಕೊಂಡ ಸಿಟ್ಟಿಗೆ ಚಿರತೆ ಕೊಲ್ಲುವ ಬದಲು ಚಿರತೆ ಕಾಯುವ ಲಾಭ. ಹಾಗಾಗಿ ನನ್ನ ಮೂಗು ಮುರಿಯುವಿಕೆಗೆ ಅಲ್ಲಿ ಕಿಮ್ಮತ್ತಿಲ್ಲ.

ಈ ಕತೆಯಲ್ಲಿ ಮೈಸೂರಿನದೊಂದು ಎಳೆಯಿದೆ. 1996ರಲ್ಲಿ ಮೈಸೂರಿನಲ್ಲಿ ಶುರುವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಆರಂಭದ ವರ್ಷಗಳಿಂದಲೂ ಕಿಬ್ಬರಿನಲ್ಲಿದೆ. ಊರವರೊಂದಿಗೆ ಮಾತಾಡಿ ಒಂದಷ್ಟು ಬೆಟ್ಟವನ್ನು ದನಕುರಿ ಮೇಯಿಸದೆ ಬಿಡಿಸಿದ್ದು, ಜಾನುವಾರಿಗೆ ಊರವರೇ ನಡೆಸುವ ವಿಮೆ ಕಟ್ಟಿದ್ದು ಅವರು. ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್ ಮುಂದಾಳತ್ವದಲ್ಲಿ 2019ರಿಂದ 2023ರವರೆಗೆ ನಡೆದು 2024ರ ಜನವರಿಯಲ್ಲಿ ಪ್ರಕಟವಾದ ಹಿಮಚಿರತೆ ಗಣತಿಗೂ ಅವರು ಕೈ ಹಾಕಿದ್ದರು. 1,971 ಕಡೆ ಕ್ಯಾಮೆರಾ ಟ್ರ್ಯಾಪ್, ಚಿತ್ರದಲ್ಲಿ ಸಿಕ್ಕ ಬೇರೆ ಬೇರೆ ಚಿರತೆಗಳು 241, ಅದರಿಂದ ದೇಶಕ್ಕೆ ಅಂದಾಜು 718. ಲಡಾಖಿನಲ್ಲೇ 477, ಹಿಮಾಚಲದಲ್ಲಿ 51. ಮೈಮೇಲಿನ ಗುರುತು ನೋಡಿ ಒಂದೊಂದು ಪ್ರಾಣಿಯನ್ನೂ ಬೇರೆ ಮಾಡಿ ಎಣಿಸುವ ಈ ಲೆಕ್ಕಾಚಾರವನ್ನು ನಾಗರಹೊಳೆಯ ಹುಲಿಯ ಪಟ್ಟೆಗಳ ಮೇಲೆ ಮಾಡಿ ತೋರಿಸಿದವರು ನಮ್ಮ ಉಲ್ಲಾಸ್ ಕಾರಂತರು. ಪ್ರಬಂಧ ಬಂದಿದ್ದು 1995ರಲ್ಲಿ.

ಟರ್ನರ್ ಇದನ್ನೆಲ್ಲ ಕೇಳಿ ಖುಷಿಪಟ್ಟರು. ಕ್ಯಾಮೆರಾ ಟ್ರ್ಯಾಪ್ ತೆಗೆದದ್ದು ಫೋಟೊವೇ ಅಲ್ಲ ಎಂದು ಮೂಗೆಳೆಯುವ ಜಾತಿಯವರಲ್ಲ. ‘ಮೆಷಿನ್‌ಗೆ ಚಳಿಯಿಲ್ಲ, ಟೀ ಬೇಡ, ಬೇಜಾರಿಲ್ಲ. ಅದು ನಮಗಿಂತ ಚೆನ್ನಾಗಿ ಕಾಯತ್ತೆ ಸಾರ್.’ ಅವರಿಗೆ ಒಂಬತ್ತು ಸಲಕ್ಕೂ ಹಿಮಚಿರತೆ ಸಿಕ್ಕಿಲ್ಲ. ಒಂದು ಪ್ರಿಂಟ್ ತೋರಿಸಿದರು: ಹಿಮದ ಮೇಲೆ ಹೆಜ್ಜೆಸಾಲು, ಪಕ್ಕದಲ್ಲಿ ಎಳೆದ ಬಾಲದ ಗೀರು, ಅಳತೆಗೆ ಇಟ್ಟ ಆರಿಂಚಿನ ಸ್ಟೀಲ್ ಸ್ಕೇಲು. ನನಗೆ ನಿರಾಸೆಯಾಯಿತು. ಅವರಿಗೆ ಆಗಿರಲಿಲ್ಲ.

ಮತ್ತೆ ಆ ಏಳು ಪ್ರಿಂಟಿಗೇ ಬಂದೆವು. ಈ ಸಲ ನನಗೇ ಕಂಡಿತು: ಹದಿನಾಲ್ಕು ಮಾಳಿಗೆಯಲ್ಲಿ ಮೊದಲ ಚಿತ್ರದಲ್ಲಿ ಎಲ್ಲವೂ ಮಣ್ಣಿನವು. ಕಡೆಯದರಲ್ಲಿ ಐದು ಹೊಳೆಯುತ್ತಿವೆ. ತಗಡು. ‘ನಮ್ಮ ಕಡೆ ಶೀಟ್ ಥರಾನೇ, ಗೇಜ್ ಸ್ವಲ್ಪ ದಪ್ಪ’ ಅಂದರು, ಬೇಸರವೂ ಇಲ್ಲ, ಮೆಚ್ಚುಗೆಯೂ ಇಲ್ಲ. ತಗಡಿನ ಮೇಲೆ ಹಿಮ ನಿಲ್ಲುವುದಿಲ್ಲ, ಮಣ್ಣಿನ ಮಾಳಿಗೆಯಾದರೆ ಪ್ರತಿ ಸಲ ಬಿದ್ದಾಗಲೂ ಹತ್ತಿ ತಳ್ಳಬೇಕು. ಆದರೆ ತಗಡಿನ ಮನೆಯ ಮೇಲೆ ಸೌದೆ ಒಟ್ಟಲು ಜಾಗವಿಲ್ಲ. ಒಟ್ಟು ಅಂಗಳಕ್ಕೆ ಇಳಿದಿದೆ, ಅವರ ಫ್ರೇಮಿನಿಂದ ಹೊರಗೆ ಹೋಗಿದೆ. ಹೊಸ ಮೂರು ಚುಕ್ಕೆ ಹೊಡೆಯಬೇಕೇನೋ ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದಾರೆ. ಹೊಡೆದರೆ ಹಳೆಯ ಸಾಲು ತುಂಡಾಗುತ್ತದೆ.

ಸಾಲಿನಲ್ಲಿ ಒಂದು ಖಾಲಿಯಿದೆ. ನೆಲದ ಮೇಲೆ ಪ್ರಿಂಟು ಜೋಡಿಸುವಾಗ ಫೆಬ್ರುವರಿಗೂ ಜುಲೈಗೂ ನಡುವೆ ಒಂದು ಅಂಗೈ ಅಗಲ ಜಾಗ ಬಿಟ್ಟಿದ್ದರು. ಏಪ್ರಿಲ್. ಹಿಮ ಕರಗಿ ಎಲ್ಲ ಕೆಸರು, ಬೆಟ್ಟವೂ ಚೆನ್ನಾಗಿ ಕಾಣದ, ಪ್ರವಾಸಿಗರೂ ಬಾರದ ತಿಂಗಳು. ಕುಂಜುಮ್ ಕಣಿವೆದಾರಿ ಇನ್ನೂ ಮುಚ್ಚಿರುತ್ತದೆ. ಶಿಮ್ಲಾ, ಕಿನ್ನೌರಿನ ಸುತ್ತುದಾರಿಯೊಂದೇ. ಚಳಿಗಾಲವೆಲ್ಲ ಮನೆಯ ಒಣ ಕಕ್ಕಸಿನಲ್ಲಿ ಬೂದಿ ಬೆರೆತು ಮಾಗಿದ ಗೊಬ್ಬರವನ್ನು ಊರವರು ಹೊಲಕ್ಕೆ ಹೊರುವ ಕಾಲ. ಅದನ್ನು ಯಾರೂ ಫೋಟೊ ತೆಗೆಯುವುದಿಲ್ಲ ಎನ್ನುವುದೇ ಅವರಿಗೆ ಅದರ ಆಕರ್ಷಣೆ. ಇಷ್ಟು ವರ್ಷ ವರ್ಕ್‌ಶಾಪಿನಲ್ಲಿ ವರ್ಷಾಂತ್ಯದ ಆರ್ಡರುಗಳ ಬಾಕಿ ತೀರಿಸುವಷ್ಟರಲ್ಲಿ ಏಪ್ರಿಲ್ ಕಳೆದುಹೋಗುತ್ತಿತ್ತು. ಈ ಸಲ ಮಾರ್ಚ್ 31ಕ್ಕೆ ಸೇವೆ ಮುಗಿಯುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿಗೆ ಏಪ್ರಿಲ್ ಎರಡರ ಟಿಕೆಟ್ ನೋಡುತ್ತಿದ್ದಾರೆ.

ಹೊರಡುವಾಗ ತಾರಸಿಗೆ ಕರೆದೊಯ್ದರು. ತೆಂಗಿನ ಚಿಪ್ಪು, ಒಣಹಾಕಿದ ಯೂನಿಫಾರಂ, ಪಕ್ಕದ ಶೆಡ್ಡಿನ ತಗಡಿನ ಮೇಲೆ ಮಧ್ಯಾಹ್ನದ ಬಿಸಿಲು. ಹಳೇ ಸೀರೆ ಹಾಸಿ ಹೊಸ ರಾಗಿ ಹರಡಿದ್ದರು. ಮನೆಯವರು ಮೊರ ಹಿಡಿದು ಕಲ್ಲು ಆರಿಸುತ್ತಿದ್ದರು. ‘ಲೆನ್ಸಿಗೆ ಕಲ್ಲಿದ್ರೂ ನಡೆಯತ್ತೆ ಕಣೇ’ ಅಂದರು ಇವರು. ‘ಆಮೇಲೆ ಅವರ ಹೊಟ್ಟೆಗೆ ಹಾಕೋದು ತಾನೇ?’ ಅಂದರು ಅವರು, ತಲೆ ಎತ್ತದೆ.