ಪ್ರೋಸ್ಟೇಟ್ ಕ್ಯಾನ್ಸರ್: ಚಿಕಿತ್ಸೆಗೆ ಮುನ್ನ ರೋಗದ ನೆಲೆ ತಿಳಿಯಬೇಕು

ಅರವತ್ತು ದಾಟಿದ ಪುರುಷರಲ್ಲಿ ಮೂತ್ರದ ಧಾರೆ ಕುಗ್ಗುವುದು, ರಾತ್ರಿ ಮೂರು ನಾಲ್ಕು ಬಾರಿ ಏಳಬೇಕಾಗುವುದು ಸಾಮಾನ್ಯ. ಸುಶ್ರುತಸಂಹಿತೆಯು ಮೂತ್ರಾಘಾತಗಳಲ್ಲಿ ಹೇಳುವ ವಾತಾಷ್ಠೀಲವನ್ನು ಆಯುರ್ವೇದ ವೈದ್ಯರು ಇದಕ್ಕೆ ಹೋಲಿಸುವುದುಂಟು. ಬಹುಪಾಲು ಇದು ಪ್ರೋಸ್ಟೇಟ್ ಗ್ರಂಥಿಯ ವಯೋಸಹಜ ಊತವೇ. ಎಲ್ಲರದೂ ಹಾಗೆಯೇ ಎಂದು ಭಾವಿಸಿ ನಾನೊಮ್ಮೆ ತಪ್ಪಿದ್ದೇನೆ. ನಿವೃತ್ತ ಶಿಕ್ಷಕರೊಬ್ಬರಿಗೆ ಐದು ತಿಂಗಳು ಗೋಕ್ಷುರಾದಿ ಗುಗ್ಗುಲು ಕೊಟ್ಟೆ, ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸಲಿಲ್ಲ. ಸಾಮಾನ್ಯವಾಗಿ 4ರೊಳಗಿರಬೇಕಾದ ಆ ಅಂಶ, ಕೊನೆಗೆ ಪರೀಕ್ಷಿಸಿದಾಗ 31 ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ದೃಢಪಟ್ಟಿತು.

ಮೂಳೆಯ ಸ್ಕ್ಯಾನ್ ಹಾಗೂ ಸಿ.ಟಿ. ಎರಡರಲ್ಲೂ ರೋಗ ಹರಡಿದ ಕುರುಹು ಇರಲಿಲ್ಲ. ಕೂಡಲೇ ಶಸ್ತ್ರಚಿಕಿತ್ಸೆಯಾಗಲಿ ಎಂದು ಮಕ್ಕಳು ಆತುರಪಟ್ಟರು. ಆದರೆ ತಜ್ಞರು ಪಿ.ಎಸ್.ಎಂ.ಎ. ಪೆಟ್-ಸಿ.ಟಿ. ಎಂಬ ಇನ್ನೊಂದು ಸ್ಕ್ಯಾನ್ ಬರೆದರು. ಕಿಬ್ಬೊಟ್ಟೆಯ ಎರಡು ಸಣ್ಣ ದುಗ್ಧಗ್ರಂಥಿಗಳಲ್ಲಿ ರೋಗವಿರುವುದು ಅದರಲ್ಲಿ ಗೋಚರಿಸಿತು. ಶಸ್ತ್ರಚಿಕಿತ್ಸೆಯನ್ನು ಕೈಬಿಟ್ಟು, ಆ ಗ್ರಂಥಿಗಳನ್ನೂ ಒಳಗೊಳ್ಳುವಂತೆ ವಿಕಿರಣವನ್ನೂ ಜೊತೆಗೆ ಹಾರ್ಮೋನ್ ಚಿಕಿತ್ಸೆಯನ್ನೂ ನಿಗದಿಪಡಿಸಿದರು.

ಸಿ.ಟಿ. ನೋಡುವುದು ಆಕಾರವನ್ನು, ಗ್ರಂಥಿ ಉಬ್ಬದಿದ್ದರೆ ಅದಕ್ಕೆ ಸಂಶಯ ಬರುವುದಿಲ್ಲ. ಪಿ.ಎಸ್.ಎಂ.ಎ. ಎಂಬುದು ಪ್ರೋಸ್ಟೇಟ್ ಕ್ಯಾನ್ಸರ್ ಕೋಶಗಳ ಮೈಮೇಲೆ ಹೇರಳವಾಗಿರುವ ಒಂದು ಪ್ರೋಟೀನು. ಅದಕ್ಕೆ ಅಂಟಿಕೊಳ್ಳುವ ದ್ರವ್ಯಕ್ಕೆ ಗ್ಯಾಲಿಯಂ-68ರಂತಹ ವಿಕಿರಣಶೀಲ ಧಾತುವನ್ನು ಸೇರಿಸಿ ರಕ್ತನಾಳಕ್ಕೆ ಚುಚ್ಚುತ್ತಾರೆ. ಸುಮಾರು ಒಂದು ಗಂಟೆಯ ನಂತರ ಚಿತ್ರ ತೆಗೆದಾಗ ಅದು ನೆಲೆಸಿದ ತಾಣಗಳು ಬೆಳಗುತ್ತವೆ. ವಿಕಿರಣವೆಂದು ಅಂಜಬೇಕಾಗಿಲ್ಲ, ಗ್ಯಾಲಿಯಂ-68ರ ಶಕ್ತಿ 68 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಚೆನ್ನಾಗಿ ನೀರು ಕುಡಿದು, ಚಿತ್ರ ತೆಗೆಯುವ ಮುನ್ನ ಮೂತ್ರ ವಿಸರ್ಜಿಸಿ ಹೋಗಬೇಕು.

ಆಸ್ಟ್ರೇಲಿಯಾದಲ್ಲಿ ಹೆಚ್ಚು ಅಪಾಯದ ಪ್ರೋಸ್ಟೇಟ್ ಕ್ಯಾನ್ಸರ್ ಇದ್ದ ಸುಮಾರು 300 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡುವಿಕೆಯನ್ನು ಗುರುತಿಸುವ ನಿಖರತೆ ಈ ಸ್ಕ್ಯಾನಿಗೆ ಶೇ. 92, ಹಳೆಯ ಎರಡೂ ಸ್ಕ್ಯಾನ್‌ಗಳಿಗೆ ಕೂಡಿ ಶೇ. 65 ಎಂದು ಕಂಡುಬಂದಿತು.

ಹಾಗೆಂದು ಎಲ್ಲರೂ ಇದನ್ನು ಮಾಡಿಸಿಕೊಳ್ಳಬೇಕಿಲ್ಲ. ಇದು ದುಬಾರಿ; ಗ್ರಂಥಿಯೊಳಗೇ ಇರುವ ಮಂದಗತಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಅನಗತ್ಯ. ಲಾಲಾಗ್ರಂಥಿ, ಮೂತ್ರಪಿಂಡಗಳು ಆರೋಗ್ಯವಾಗಿದ್ದರೂ ಇದರಲ್ಲಿ ಬೆಳಗುತ್ತವೆ. ವರದಿಯ ಚಿತ್ರ ನೋಡಿ ಮನೆಯವರು ಕಂಗಾಲಾಗಬಾರದು. ಕೆಲವರ ಕ್ಯಾನ್ಸರಿನಲ್ಲಿ ಈ ಪ್ರೋಟೀನು ಕಡಿಮೆಯಿದ್ದು, ರೋಗವಿದ್ದೂ ಚಿತ್ರದಲ್ಲಿ ಕಾಣದಿರಬಹುದು.

ಆ ಶಿಕ್ಷಕರು ವಿಕಿರಣ ಚಿಕಿತ್ಸೆ ಮುಗಿಸಿದ್ದಾರೆ. ಈಗಲೂ ನನ್ನಲ್ಲಿಗೆ ಬರುತ್ತಾರೆ, ಮಲಬದ್ಧತೆಗೆ ಔಷಧ ಕೇಳಿಕೊಂಡು. ಕೊಡುವ ಮುನ್ನ ಅವರ ಕ್ಯಾನ್ಸರ್ ತಜ್ಞರಿಗೆ ತಿಳಿಸುತ್ತೇನೆ, ಹೊಸ ಪಿ.ಎಸ್.ಎ. ವರದಿಯನ್ನೂ ನೋಡುತ್ತೇನೆ.