ಹಳೆಯ ಗ್ರಂಥಕ್ಕೆ ಹೊಸ ಜನ್ಮ

ಗ್ರಂಥಗಳು ಅಜರಾಮರವಾದುವೆಂದು ನಾವು ವಾಡಿಕೆಯಾಗಿ ಹೇಳುತ್ತೇವೆ. ಗ್ರಂಥದಲ್ಲಿರುವ ವಿಚಾರದ ಮಟ್ಟಿಗೆ ಈ ಮಾತನ್ನು ಒಪ್ಪಬಹುದು. ಆ ವಿಚಾರವನ್ನು ಹೊತ್ತಿರುವ ಕಾಗದದ ಮಟ್ಟಿಗೆ ಒಪ್ಪುವಂತಿಲ್ಲ. ಕಾಗದವೂ ಒಂದು ವಸ್ತು. ಕಬ್ಬಿಣಕ್ಕೆ ತುಕ್ಕು ಹಿಡಿಯುವಂತೆ, ಹಾಲು ಹುಳಿಯಾಗುವಂತೆ, ಕಾಗದವೂ ಪ್ರಕೃತಿಯ ನಿಯಮಗಳಿಗೆ ಒಳಪಟ್ಟು ಕಾಲಕ್ರಮದಲ್ಲಿ ಮಾರ್ಪಡುತ್ತದೆ. ಇಂದಿನ ವೃತ್ತಪತ್ರಿಕೆಯೊಂದನ್ನು ಕೆಲವು ದಿನ ಬಿಸಿಲಿನಲ್ಲಿಟ್ಟು ನೋಡಿದರೆ ಅದು ಹಳದಿ ತಿರುಗುವುದನ್ನು ವಾಚಕರು ಮನೆಯಲ್ಲಿಯೇ ಕಾಣಬಹುದು. ಪುಸ್ತಕ ಭಂಡಾರದ ಕತ್ತಲೆಯಲ್ಲಿಯೂ ನಾಶದ ಕೆಲಸ ನಡೆದೇ ಇರುತ್ತದೆ, ಕೇವಲ ನಿಧಾನವಾಗಿ.

ಆದುದರಿಂದ ಪ್ರಾಚೀನ ಸಾಹಿತ್ಯವನ್ನು ಉಳಿಸಿಕೊಳ್ಳಬೇಕಾದರೆ ಗ್ರಂಥವನ್ನು ಬೀಗದೊಳಗೆ ಭದ್ರವಾಗಿಟ್ಟರೆ ಸಾಲದು. ಕಾಲಕಾಲಕ್ಕೆ ಅದನ್ನು ಮತ್ತೆ ಅಚ್ಚುಹಾಕಿ ಹೊಸ ದೇಹವನ್ನು ಕೊಡಬೇಕು. ಈ ಕೆಲಸ ಸಾಹಿತ್ಯ ವಿದ್ವಾಂಸರದೆಂದು ನಾವು ಭಾವಿಸುವುದುಂಟು. ಆದರೆ ಇದರಲ್ಲಿ ರಸಾಯನಶಾಸ್ತ್ರಕ್ಕೂ ಭೌತಶಾಸ್ತ್ರಕ್ಕೂ ಎಷ್ಟು ಪಾಲಿದೆಯೆಂಬುದನ್ನು ಇಲ್ಲಿ ನೋಡೋಣ.

ಒಂದು ನಿಘಂಟಿನ ಕಥೆ

ಜರ್ಮನಿಯಿಂದ 1853ರಲ್ಲಿ ನಮ್ಮ ನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಎಂಬ ಪಾದ್ರಿಯವರ ಹೆಸರನ್ನು ಕೇಳದ ಕನ್ನಡಿಗರು ವಿರಳ. ಅವರು ಅನೇಕ ವರ್ಷಗಳ ಪರಿಶ್ರಮದಿಂದ ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯಿಂದ ಹೊರಬಂದಿತು. 1,700ಕ್ಕೂ ಹೆಚ್ಚು ಪುಟಗಳು; ಸುಮಾರು 70,000 ಶಬ್ದಗಳು. ಪ್ರಾಚೀನ ಕಾವ್ಯಗಳ ಪ್ರಯೋಗಗಳು, ಹಳ್ಳಿಯ ಗಾದೆಗಳು, ತಮಿಳು ತೆಲುಗು ಮೊದಲಾದ ಸೋದರ ಭಾಷೆಗಳ ಸಂಬಂಧದ ಪದಗಳು, ಇವೆಲ್ಲಕ್ಕೂ ಅದರಲ್ಲಿ ಎಡೆ ದೊರೆತಿದೆ. ಕಿಟ್ಟೆಲರು 1903ರಲ್ಲಿ ತೀರಿಕೊಂಡರು. ಅವರ ನಿಘಂಟಿನ ಪ್ರತಿಗಳೂ ಒಂದೊಂದಾಗಿ ಜೀರ್ಣವಾಗತೊಡಗಿದುವು. ಕೊಳ್ಳಬೇಕೆಂದರೆ ದೊರೆಯದು, ದೊರೆತ ಪ್ರತಿಯನ್ನು ತೆರೆಯಲು ಭಯ, ಎಂಬ ಸ್ಥಿತಿ ಬಂದಿತು.

ಇಂಥ ಗ್ರಂಥಕ್ಕೆ ಎರಡು ಬಾರಿ, ಎರಡು ಬೇರೆ ಬೇರೆ ರೀತಿಗಳಲ್ಲಿ ಮರುಜನ್ಮವಾಯಿತು. 1968ರಿಂದ 1971ರ ವರೆಗೆ ಮದರಾಸು ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಲ್ಪಟ್ಟ ಆವೃತ್ತಿಯನ್ನು ನಾಲ್ಕು ಸಂಪುಟಗಳಲ್ಲಿ ಹೊಸದಾಗಿ ಅಕ್ಷರ ಜೋಡಿಸಿ ಪ್ರಕಟಿಸಿತು. 1980ರ ದಶಕದಲ್ಲಿ ದೆಹಲಿಯ ಪ್ರಕಾಶಕರು 1894ರ ಪುಟಗಳನ್ನೇ ಛಾಯಾಚಿತ್ರದ ಮೂಲಕ ಇದ್ದಂತೆಯೇ ಅಚ್ಚಿಗೆ ತಂದರು. ಒಂದೇ ಪುಸ್ತಕ, ಎರಡು ಮಾರ್ಗಗಳು. ಇವುಗಳ ಗುಣದೋಷಗಳನ್ನು ತೂಗಿ ನೋಡುವ ಮೊದಲು, ಕಾಗದವೇಕೆ ನಾಶವಾಗುತ್ತದೆಯೆಂಬುದನ್ನು ತಿಳಿಯುವುದು ಅವಶ್ಯಕ.

ಕಾಗದದ ಒಳಗಿರುವ ಶತ್ರು

ಕಾಗದದ ಮುಖ್ಯ ದ್ರವ್ಯ ಸೆಲ್ಯುಲೋಸ್. ಗ್ಲೂಕೋಸ್ ಎಂಬ ಸಕ್ಕರೆಯ ಸಾವಿರಾರು ಘಟಕಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಸೆಲ್ಯುಲೋಸಿನ ಒಂದು ಅಣುವಾಗಿದೆ. ಸರಪಣಿ ಉದ್ದವಾಗಿರುವ ವರೆಗೆ ಎಳೆ ಗಟ್ಟಿ; ಅದು ತುಂಡಾದಂತೆಲ್ಲ ಎಳೆ ದುರ್ಬಲ. ಹತ್ತಿ ಮತ್ತು ನಾರಿನ ಚಿಂದಿಗಳಿಂದ ಕೈಯಲ್ಲಿ ತಯಾರಿಸುತ್ತಿದ್ದ ಹಿಂದಿನ ಕಾಗದದಲ್ಲಿ ಸೆಲ್ಯುಲೋಸ್ ಬಹುಮಟ್ಟಿಗೆ ಶುದ್ಧವಾಗಿತ್ತು. ಅದರಿಂದಲೇ ಐನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಅಚ್ಚಾದ ಪುಸ್ತಕಗಳ ಹಾಳೆಗಳನ್ನು ಇಂದಿಗೂ ಭಯವಿಲ್ಲದೆ ಮಗುಚಬಹುದಾಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಗದಕ್ಕೆ ಬೇಡಿಕೆ ಹೆಚ್ಚಿತು, ಚಿಂದಿ ಸಾಲದಾಯಿತು. ಆಗ ಎರಡು ಹೊಸ ಉಪಾಯಗಳು ಬಳಕೆಗೆ ಬಂದುವು. ಮಸಿ ಹಬ್ಬದಂತೆ ಕಾಗದವನ್ನು ರಾಳ ಮತ್ತು ಪಟಿಕಗಳಿಂದ ಬಿಗಿಗೊಳಿಸುವ ವಿಧಾನವನ್ನು ಜರ್ಮನಿಯ ಇಲಿಗ್ ಎಂಬಾತನು 1807ರಲ್ಲಿ ಪ್ರಕಟಿಸಿದನು. 1840ರ ದಶಕದಲ್ಲಿ ಅದೇ ದೇಶದ ಕೆಲ್ಲರ್ ಎಂಬಾತನು ಮರವನ್ನು ಅರೆದು ಕಾಗದ ಮಾಡುವ ಯಂತ್ರವನ್ನು ಕಂಡುಹಿಡಿದನು. ಕಾಗದ ಅಗ್ಗವಾಯಿತು, ಆದರೆ ಆಯುಸ್ಸು ಕುಗ್ಗಿತು. ಗಾಳಿಯ ತೇವದೊಡನೆ ಸೇರಿ ಪಟಿಕವು ಆಮ್ಲಗುಣವನ್ನು ತೋರುತ್ತದೆ. ಈ ಆಮ್ಲವು ಸೆಲ್ಯುಲೋಸ್ ಸರಪಣಿಯ ಕೊಂಡಿಗಳನ್ನು ಕತ್ತರಿಸುತ್ತದೆ. ವಿಶೇಷವೇನೆಂದರೆ, ಈ ಕೆಲಸದಲ್ಲಿ ಆಮ್ಲವು ತಾನು ವ್ಯಯವಾಗುವುದಿಲ್ಲ. ಒಂದು ಕೊಂಡಿಯನ್ನು ಕತ್ತರಿಸಿ ಮತ್ತೊಂದಕ್ಕೆ ಕೈಹಾಕುತ್ತದೆ. ಕಾಗದವು ಶಿಥಿಲವಾಗುವಾಗ ಹೊಸ ಆಮ್ಲಗಳೂ ಹುಟ್ಟುತ್ತವೆ. ಹೀಗೆ ನಾಶವೇ ನಾಶಕ್ಕೆ ವೇಗವನ್ನು ಕೊಡುತ್ತದೆ. ಅರೆದ ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥವು ಬೆಳಕಿಗೆ ಮಾರ್ಪಟ್ಟು ಹಳದಿ ಬಣ್ಣವನ್ನು ತರುವುದು ಬೇರೆ.

ಅಮೆರಿಕದ ವಿಲಿಯಂ ಬ್ಯಾರೊ ಎಂಬವರು 1900ರಿಂದ 1949ರ ವರೆಗೆ ಅಚ್ಚಾದ 500 ಪುಸ್ತಕಗಳ ಕಾಗದವನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಮತ್ತೆ ಐವತ್ತು ವರ್ಷ ಬಾಳಲಾರವೆಂದು 1959ರಲ್ಲಿ ತಿಳಿಸಿದರು. ಅವರ ಪರೀಕ್ಷೆ ಸುಲಭವಾಗಿ ಅರ್ಥವಾಗತಕ್ಕದ್ದು: ಹಾಳೆಯನ್ನು ಹಿಂದಕ್ಕೂ ಮುಂದಕ್ಕೂ ಮಡಿಸುತ್ತ ಹೋದರೆ ಎಷ್ಟನೆಯ ಮಡಿಕೆಗೆ ಅದು ಮುರಿಯುತ್ತದೆ?

ಉಷ್ಣತೆಯ ಪಾತ್ರವನ್ನೂ ಇಲ್ಲಿ ಗಮನಿಸಬೇಕು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವನ್ನು ವಿದ್ಯಾರ್ಥಿಗಳು ಬಲ್ಲರು. 15 ಡಿಗ್ರಿಯ ಕೊಠಡಿಯಲ್ಲಿರುವ ಪ್ರತಿಗಿಂತ 30 ಡಿಗ್ರಿಯ ಕೊಠಡಿಯಲ್ಲಿರುವ ಪ್ರತಿಯು, ಈ ನಿಯಮದಂತೆ, ಸುಮಾರು ಮೂರು ಪಟ್ಟು ವೇಗವಾಗಿ ಮುಪ್ಪಾಗಬೇಕು. ಕರಾವಳಿಯ ತೇವವೂ ಸೇರಿದರೆ ಕೇಳಬೇಕಾದುದೇ ಇಲ್ಲ. ಆದಕಾರಣ ಮಂಗಳೂರಿನಲ್ಲಿ ಅಚ್ಚಾದ ಪುಸ್ತಕವು ಮಂಗಳೂರಿಗಿಂತ ಜರ್ಮನಿಯಲ್ಲಿ ಹೆಚ್ಚು ಕಾಲ ಬದುಕುವ ಸಂಭವ ಉಂಟು.

ಕನ್ನಡದ ಮಟ್ಟಿಗೆ ಇದರಲ್ಲೊಂದು ದುರ್ದೈವವಿದೆ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ಬಂಗಾಳದ ಶ್ರೀರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು. ನಮ್ಮ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿತು. ‘ಕವಿರಾಜಮಾರ್ಗ’ವು ಮೊದಲ ಬಾರಿಗೆ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1898ರಲ್ಲಿ. ಎಂದರೆ, ಕನ್ನಡ ಮುದ್ರಣದ ಮೊದಲ ಶತಮಾನವೂ ಕೆಟ್ಟ ಕಾಗದದ ಶತಮಾನವೂ ಹೆಚ್ಚು ಕಡಮೆ ಒಂದೇ. ತಾಳೆಗರಿಯ ಮೇಲೆ ನೂರಾರು ವರ್ಷ ಬಾಳಿದ ಕಾವ್ಯವು ಕಾಗದಕ್ಕೆ ಬಂದ ಮೇಲೆ ನೂರು ವರ್ಷಗಳಲ್ಲಿಯೇ ಪುಡಿಯಾಗುವ ವಿಪರೀತವನ್ನು ನಾವು ನೋಡಬೇಕಾಗಿದೆ.

ಎರಡು ದಾರಿಗಳು

ಮರುಮುದ್ರಣದ ಮೊದಲನೆಯ ದಾರಿ ಹೊಸದಾಗಿ ಅಕ್ಷರ ಜೋಡಿಸುವುದು. ಇದರಿಂದ ಪುಟ ಸ್ವಚ್ಛವಾಗುತ್ತದೆ. ಹಿಂದಿನ ತಪ್ಪುಗಳನ್ನು ತಿದ್ದಬಹುದು. ಹೊಸ ಸಂಶೋಧನೆಯ ಫಲವನ್ನು ಸೇರಿಸಬಹುದು. ಆದರೆ ಇದರ ಅಪಾಯವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪುಟವೊಂದರಲ್ಲಿ 2,000 ಅಕ್ಷರಗಳಿವೆಯೆಂದೂ, ಜೋಡಿಸುವವನು ಸಾವಿರಕ್ಕೆ ಒಂದೇ ತಪ್ಪು ಮಾಡುವಷ್ಟು ನಿಪುಣನೆಂದೂ ಇಟ್ಟುಕೊಳ್ಳೋಣ. ಪುಟಕ್ಕೆ ಎರಡು ತಪ್ಪಿನಂತೆ 1,700 ಪುಟಗಳಿಗೆ 3,400 ತಪ್ಪುಗಳಾದುವು. ಕರಡು ತಿದ್ದುವವರು ಹತ್ತರಲ್ಲಿ ಒಂಬತ್ತನ್ನು ಹಿಡಿದರೂ 340 ಉಳಿಯುತ್ತವೆ. ಈ ಪ್ರತಿಯನ್ನೇ ನೋಡಿ ಮತ್ತೊಮ್ಮೆ ಜೋಡಿಸಿದರೆ ಸುಮಾರು 680. ಮೂರನೆಯ ಸಲಕ್ಕೆ 1,020. ಆದುದರಿಂದ ಪ್ರತಿ ಸಲವೂ ಮೂಲಪ್ರತಿಗೇ ಹಿಂದಿರುಗಬೇಕೆಂಬುದು ಸಂಪಾದಕರ ಮೊದಲ ನಿಯಮವಾಗಿರತಕ್ಕದ್ದು.

ಹಳಗನ್ನಡದ ಗ್ರಂಥಗಳಲ್ಲಿ ಮತ್ತೊಂದು ತೊಡಕು. ಱ ಮತ್ತು ೞ ಎಂಬ ಅಕ್ಷರಗಳು ಈಗಿನ ಬಳಕೆಯಲ್ಲಿಲ್ಲ. ಅಚ್ಚುಕೂಟದಲ್ಲಿ ಅವುಗಳ ಮೊಳೆಗಳಿಲ್ಲವೆಂದು ರ ಮತ್ತು ಳಗಳನ್ನು ಕೂಡಿಸಿದರೆ, ನಾಶವಾಗುವುದೆಂಬ ಅರ್ಥದ ‘ಅೞಿ’ ಎಂಬುದು ದುಂಬಿ ಎಂಬ ಅರ್ಥದ ‘ಅಳಿ’ಯೊಡನೆ ಬೆರೆತುಹೋಗುತ್ತದೆ. ಓದುಗನಿಗೆ ನಷ್ಟವಾಗುತ್ತದೆ; ನಷ್ಟವಾಯಿತೆಂಬುದು ಅವನಿಗೆ ತಿಳಿಯುವುದೂ ಇಲ್ಲ.

ಎರಡನೆಯ ದಾರಿ ಬೆಳಕನ್ನೇ ಲಿಪಿಕಾರನನ್ನಾಗಿ ಮಾಡುವುದು. 1086ರಲ್ಲಿ ಸಿದ್ಧವಾದ ಇಂಗ್ಲೆಂಡಿನ ಭೂಮಾಪನದ ಮಹಾಗ್ರಂಥವಾದ ‘ಡೂಮ್ಸ್‌ಡೇ ಬುಕ್’ ಅನ್ನು 1861ರಿಂದ 1863ರ ವರೆಗೆ ಸೌತಾಂಪ್ಟನ್ನಿನ ಸರ್ವೇಕ್ಷಣ ಕಚೇರಿಯವರು ಛಾಯಾಚಿತ್ರ ಮತ್ತು ಸತುವಿನ ತಗಡುಗಳ ಸಹಾಯದಿಂದ ಯಥಾಪ್ರತಿಯಾಗಿ ಮುದ್ರಿಸಿದರು. ಆಫ್‌ಸೆಟ್ ಮುದ್ರಣದ ತತ್ತ್ವವೂ ಇದೇ ಜಾತಿಯದು. ಬೆಳಕಿಗೆ ಮಾರ್ಪಡುವ ಲೇಪವುಳ್ಳ ಲೋಹದ ತಗಡಿನ ಮೇಲೆ ಪುಟದ ಬಿಂಬವನ್ನು ಬೀಳಿಸಿ ಸಂಸ್ಕರಿಸಿದರೆ, ಅಕ್ಷರಗಳಿರುವ ಎಡೆ ಜಿಡ್ಡನ್ನೂ ಉಳಿದ ಎಡೆ ನೀರನ್ನೂ ಹಿಡಿಯುವಂತಾಗುತ್ತದೆ. ಜಿಡ್ಡಿಗೂ ನೀರಿಗೂ ಹೊಂದಿಕೆಯಿಲ್ಲವಷ್ಟೆ. ಎಣ್ಣೆಯ ಮಸಿಯು ಅಕ್ಷರಗಳಿಗೆ ಮಾತ್ರ ಅಂಟಿ, ರಬ್ಬರಿನ ಹೊದಿಕೆಯ ಮೂಲಕ ಕಾಗದಕ್ಕೆ ಇಳಿಯುತ್ತದೆ. ಇದರಲ್ಲಿ ಜೋಡಿಸುವವನ ಕೈತಪ್ಪಿಗೆ ಅವಕಾಶವಿಲ್ಲ.

ಕೈತಪ್ಪಿಲ್ಲವೆಂದ ಮಾತ್ರಕ್ಕೆ ತಪ್ಪೇ ಇಲ್ಲವೆನ್ನಲಾಗದು. ಇಂಥ ಮುದ್ರಣದಲ್ಲಿ ಅಕ್ಷರದ ಪುಟವೆಂದರೆ ಕಪ್ಪು ಅಥವಾ ಬಿಳುಪು. ನಡುವಣ ಛಾಯೆಗೆ ಸ್ಥಾನವಿಲ್ಲ. ಮಾಸಿದ ಗೆರೆಯನ್ನು ಯಂತ್ರವು ಬಿಳುಪೆಂದು ತೀರ್ಮಾನಿಸಬಹುದು. ಗೆದ್ದಲಿನ ಕಲೆಯನ್ನು ಕಪ್ಪೆಂದು ತೀರ್ಮಾನಿಸಬಹುದು. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಆ ಸೀಳು ಅಳಿಸಿದರೆ ‘ಧನ’ವು ‘ದನ’ವಾಗುತ್ತದೆ!

ಎಷ್ಟು ಸೂಕ್ಷ್ಮವಾಗಿ ನೋಡಬೇಕು?

ಈಗ ಛಾಯಾಚಿತ್ರದ ಫಲಕದ ಸ್ಥಾನವನ್ನು ಸ್ಕ್ಯಾನರ್ ಎಂಬ ಯಂತ್ರವು ಆಕ್ರಮಿಸಿದೆ. ಅದು ಪುಟವನ್ನು ಸಣ್ಣ ಸಣ್ಣ ಚುಕ್ಕೆಗಳಾಗಿ ವಿಂಗಡಿಸಿ, ಪ್ರತಿಯೊಂದು ಚುಕ್ಕೆಯಿಂದ ಹಿಂದಿರುಗುವ ಬೆಳಕನ್ನು ಅಳೆದು ಸಂಖ್ಯೆಯಾಗಿ ಬರೆದಿಡುತ್ತದೆ. ಚುಕ್ಕೆಗಳು ಎಷ್ಟು ಒತ್ತಾಗಿರಬೇಕು? ಇದಕ್ಕೆ ಭೌತಶಾಸ್ತ್ರದಲ್ಲಿ ಸ್ಪಷ್ಟವಾದ ಉತ್ತರವಿದೆ: ನಾವು ಗುರುತಿಸಬೇಕಾದ ಅತ್ಯಂತ ಸಣ್ಣ ಗೆರೆಯ ಅಗಲದಲ್ಲಿ ಕಡೆಯ ಪಕ್ಷ ಎರಡು ಚುಕ್ಕೆಗಳಾದರೂ ಬೀಳಬೇಕು. ಧಕಾರದ ಸೀಳಿನ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲೆಂದಿಟ್ಟುಕೊಳ್ಳೋಣ. ಅಂಗುಲಕ್ಕೆ 300 ಚುಕ್ಕೆಗಳಾದರೆ ಒಂದು ಚುಕ್ಕೆಯ ಅಗಲ 0.085 ಮಿಲಿಮೀಟರ್; ಸೀಳಿಗೆ ಒಂದೇ ಚುಕ್ಕೆ ದೊರೆತು ಅದು ಉಳಿಯುವುದು ಅದೃಷ್ಟದ ಮಾತಾಗುತ್ತದೆ. ಅಂಗುಲಕ್ಕೆ 600 ಆದರೆ ಚುಕ್ಕೆಯ ಅಗಲ 0.042 ಮಿಲಿಮೀಟರ್, ಎರಡಕ್ಕಿಂತ ಹೆಚ್ಚು ಚುಕ್ಕೆಗಳು ದೊರೆಯುತ್ತವೆ.

16 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಉದ್ದದ ಪುಟದಲ್ಲಿ ಹೀಗೆ ಸುಮಾರು 2.14 ಕೋಟಿ ಚುಕ್ಕೆಗಳಾಗುತ್ತವೆ. 1,700 ಪುಟಗಳಿಗೆ 3,600 ಕೋಟಿಗೂ ಮೇಲೆ. ಕೇಳಲು ಭಯಂಕರವಾದ ಸಂಖ್ಯೆ. ಆದರೆ ಚುಕ್ಕೆಗೊಂದು ಬೈಟಿನಂತೆ ಇದು 36 ಗಿಗಾಬೈಟ್ ಮಾತ್ರ. ಹೆಬ್ಬೆರಳ ಉಗುರಿನಷ್ಟು ಸ್ಮೃತಿಫಲಕದಲ್ಲಿ ಇಡೀ ನಿಘಂಟು ಅಡಗುತ್ತದೆ. ಛಾಯಾಚಿತ್ರದ ಛಾಯಾಚಿತ್ರವು ಮೊದಲಿನದಕ್ಕಿಂತ ಮಸಕು. ಸಂಖ್ಯೆಗಳ ಪ್ರತಿಯ ಪ್ರತಿಯಾದರೋ ಮೂಲದಷ್ಟೇ ನಿಷ್ಕೃಷ್ಟ. ಆದರೆ ಫಲಕವೂ ಒಂದು ದಿನ ಕೆಡತಕ್ಕದ್ದೇ. ಆದುದರಿಂದ ಬೇರೆ ಬೇರೆ ಊರುಗಳಲ್ಲಿ ಅನೇಕ ಪ್ರತಿಗಳನ್ನಿಟ್ಟು, ಆಗಾಗ ಹೊಸ ಫಲಕಗಳಿಗೆ ವರ್ಗಾಯಿಸುತ್ತಿರಬೇಕು. ಹಿಂದೆ ಮಠಗಳಲ್ಲಿಯೂ ಬಸದಿಗಳಲ್ಲಿಯೂ ಓಲೆಗಳನ್ನು ಪ್ರತಿಮಾಡಿಸುತ್ತಿದ್ದ ಪದ್ಧತಿಯೇ ಇದು. ಸಾಧನ ಮಾತ್ರ ಬೇರೆ.

ಮೂಲವನ್ನು ಬಿಸುಡಬಹುದೆ?

ಪ್ರತಿ ಸಿದ್ಧವಾದ ಮೇಲೆ ಪುಡಿಯಾಗುತ್ತಿರುವ ಮೂಲವೇಕೆ ಎಂದು ಕೆಲವರು ಕೇಳುವುದುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ದೊಡ್ಡ ಗ್ರಂಥಾಲಯಗಳು ಹೀಗೆಯೇ ಯೋಚಿಸಿ, ಹಳೆಯ ವೃತ್ತಪತ್ರಿಕೆಗಳ ಸೂಕ್ಷ್ಮಚಿತ್ರಗಳನ್ನು ತೆಗೆಸಿ ಮೂಲಸಂಪುಟಗಳನ್ನು ವಿಲೇವಾರಿ ಮಾಡಿದುವು. ಅನಂತರ ನೋಡಿದಾಗ ಕೆಲವು ಚಿತ್ರಗಳು ಮಸಕಾಗಿದ್ದುವು, ಕೆಲವು ಪುಟಗಳು ಬಿಟ್ಟುಹೋಗಿದ್ದುವು, ಬಣ್ಣದ ಚಿತ್ರಗಳೆಲ್ಲ ಕಪ್ಪುಬಿಳುಪಾಗಿದ್ದುವು. ತಿದ್ದಿಕೊಳ್ಳೋಣವೆಂದರೆ ಮೂಲವೇ ಇಲ್ಲ.

ಮೂಲದಲ್ಲಿ ನಮ್ಮ ಕಣ್ಣಿಗೆ ಕಾಣದ ಸಂಗತಿಗಳೂ ಇರುತ್ತವೆ. ಕೆಂಪು ಬೆಳಕಿಗಿಂತ ದೀರ್ಘವಾದ ಅಲೆಗಳುಳ್ಳ ಅವರಕ್ತ ಕಿರಣಗಳನ್ನು ದೀಪದ ಕಾಡಿಗೆಯ ಮಸಿಯು ಬಲವಾಗಿ ಹೀರುತ್ತದೆ. ಕಂದಿದ ಓಲೆಯಾಗಲಿ ಕಾಗದದ ಎಷ್ಟೋ ಕಲೆಗಳಾಗಲಿ ಅಷ್ಟು ಹೀರುವುದಿಲ್ಲ. ಆದುದರಿಂದ ಆ ಕಿರಣಗಳಲ್ಲಿ ಚಿತ್ರ ತೆಗೆದರೆ ಓದಲಾಗದ ಸಾಲು ಓದಲು ಬರುತ್ತದೆ. ನಾಳೆ ಇನ್ನೂ ಉತ್ತಮವಾದ ಸಾಧನ ಬರಬಹುದು. ಅದು ನೋಡುವುದಕ್ಕೆ ಮೂಲವು ಉಳಿದಿರಬೇಕಷ್ಟೆ. ಸುಣ್ಣದಂಥ ಕ್ಷಾರದ್ರವ್ಯಗಳಿಂದ ಕಾಗದದ ಆಮ್ಲವನ್ನು ಶಮನಗೊಳಿಸಿ, ತಂಪಾದ ಒಣ ಕೊಠಡಿಯಲ್ಲಿಟ್ಟರೆ ಅದರ ಆಯುಸ್ಸನ್ನು ಹೆಚ್ಚಿಸಬಹುದು. ಹೊಸ ಮುದ್ರಣಕ್ಕೂ ಆಮ್ಲರಹಿತವಾದ, ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿದ ಕಾಗದವನ್ನೇ ಆರಿಸಬೇಕು. ಇಂಥ ಕಾಗದಕ್ಕೆ 1994ರಲ್ಲಿ ಅಂತಾರಾಷ್ಟ್ರೀಯ ಮಾನಕವೂ ನಿರ್ಣಯವಾಗಿದೆ.

ಮುದ್ರಣದಿಂದ ಏನು ಲಾಭವೆಂಬುದಕ್ಕೆ ಮೈಸೂರಿನ ನಿದರ್ಶನ ಸಾಕು. ಅಲ್ಲಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಗ್ರಂಥಲಿಪಿಯ ಓಲೆಕಟ್ಟಿನಲ್ಲಿ ಕೌಟಿಲ್ಯನ ‘ಅರ್ಥಶಾಸ್ತ್ರ’ವಿರುವುದನ್ನು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು; 1909ರಲ್ಲಿ ಅದನ್ನು ಅಚ್ಚುಹಾಕಿಸಿದರು. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಗ್ರಂಥವು ಪ್ರಪಂಚದ ವಿದ್ವಾಂಸರ ಮೇಜಿನ ಮೇಲೆ ಬಂದಿತು. ಆ ಓಲೆಕಟ್ಟಿಗೆ ಅದಕ್ಕೆ ಮೊದಲೇ ಗೆದ್ದಲು ಹಿಡಿದಿದ್ದರೆ ಭಾರತದ ಚರಿತ್ರೆಯ ಎಷ್ಟು ಅಧ್ಯಾಯಗಳು ಬಡವಾಗುತ್ತಿದ್ದುವೆಂಬುದನ್ನು ಊಹಿಸಬಹುದು.

ನಮ್ಮ ದೇಶದ ಕಾನೂನಿನಂತೆ ಲೇಖಕನು ತೀರಿಕೊಂಡು 60 ವರ್ಷಗಳಾದ ಮೇಲೆ ಅವನ ಕೃತಿಯನ್ನು ಯಾರು ಬೇಕಾದರೂ ಮುದ್ರಿಸಬಹುದು. ಎಂದರೆ ಕಾನೂನಿನ ಬಾಗಿಲು ತೆರೆಯುವ ಹೊತ್ತಿಗೆ ಕಾಗದವು ಬಹುತೇಕ ಮುಪ್ಪಾಗಿರುತ್ತದೆ. ನಡುವೆ ಉಳಿಯುವ ಅವಧಿ ಸ್ವಲ್ಪ. ಈ ಅವಧಿಯಲ್ಲಿ ಹಳೆಯ ಪುಸ್ತಕವನ್ನು ಗುರುತಿಸುವವರು ಬೇಕು. ಅದು ವಿದ್ವಾಂಸರೇ ಆಗಬೇಕೆಂದಿಲ್ಲ. ಅಟ್ಟದ ಮೇಲಿನ ಗಂಟಿನಲ್ಲಿ ನೂರು ವರ್ಷ ಹಿಂದಿನ ಪುಸ್ತಕವೊಂದು ಕಂಡರೆ ವಿದ್ಯಾರ್ಥಿಗಳು ಅದನ್ನು ತೂಕಕ್ಕೆ ಮಾರಲು ಬಿಡದೆ, ಬಿಸಿಲು ತೇವಗಳಿಂದ ದೂರವಿಟ್ಟು, ಸಮೀಪದ ಗ್ರಂಥಾಲಯಕ್ಕೆ ತಿಳಿಸಿದರೆ ಸಾಕು. ಹಾಳೆಯ ಮೂಲೆಯನ್ನು ಮಡಿಸಿ ಪರೀಕ್ಷಿಸುವ ಕುತೂಹಲವನ್ನು ಮಾತ್ರ ದಯವಿಟ್ಟು ವೃತ್ತಪತ್ರಿಕೆಯ ಮೇಲೆ ತೀರಿಸಿಕೊಳ್ಳಲಿ.